ಸುರುಳಿಯೊಳಗಿನ ಹತ್ತಿ

ಧಾರವಾಡದ ಮಾಳಮಡ್ಡಿಯಲ್ಲಿ ಗೆಳೆಯನ ಮನೆಯ ಅಟ್ಟದಿಂದ ಹನ್ನೊಂದು ಟೇಪ್ ಸುರುಳಿಗಳು ಕೆಳಗಿಳಿದವು. ಡಬ್ಬಿಗಳ ಮೇಲೆ ಹಾಡಿದವರ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಇಸವಿ ಇಲ್ಲ, ತಿಂಗಳಿಲ್ಲ. ಗೆಳೆಯನ ತಂದೆ ಶಾಲೆಯಲ್ಲಿ ಮಾಸ್ತರರಾಗಿದ್ದವರು, ಸಂಗೀತದ ಹುಚ್ಚಿದ್ದವರು. ರೇಡಿಯೋದ ಎದುರಿಗೆ ಮೈಕು ಹಿಡಿದು ಕುಳಿತು ಗಾಯನವನ್ನು ಸುರುಳಿಗೆ ಇಳಿಸಿಕೊಳ್ಳುತ್ತಿದ್ದರು. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಸಾಧಾರಣ ನಿಲಯವೇನಲ್ಲ. ಬೇಂದ್ರೆಯವರು ಸಾಹಿತ್ಯಕ್ಕೆ, ಮಲ್ಲಿಕಾರ್ಜುನ ಮನ್ಸೂರರು ಸಂಗೀತಕ್ಕೆ ಸಲಹೆಗಾರರಾಗಿದ್ದ ನಿಲಯ. ಅಂಥ ಊರಿನಲ್ಲಿ ಸಂಬಳದ ಒಂದು ಪಾಲು ಟೇಪಿಗೆ ಹೋಗಿದ್ದರೆ ಆಶ್ಚರ್ಯವಿಲ್ಲ.

ಯಂತ್ರದ ಬೆಲ್ಟು ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬ ಹೊಸದು ಹಾಕಿಕೊಟ್ಟ. ಒಂದು ಭಾನುವಾರ ಬೆಳಗ್ಗೆ 'ಮನ್ಸೂರ' ಎಂದು ನೀಲಿ ಶಾಯಿಯಲ್ಲಿ ಬರೆದಿದ್ದ ಡಬ್ಬಿಯನ್ನು ತೆರೆದೆವು. ಏಳು ಇಂಚಿನ ಸುರುಳಿ. 1,200 ಅಡಿ ಟೇಪು ಸೆಕೆಂಡಿಗೆ ಮೂರು ಮುಕ್ಕಾಲು ಇಂಚಿನಂತೆ ಓಡಿದರೆ ಒಂದು ಮಗ್ಗುಲಿಗೆ ಅರವತ್ತನಾಲ್ಕು ನಿಮಿಷ. ತಂಬೂರಿಗಾಗಿ ಕಿವಿ ಇಟ್ಟು ಕುಳಿತೆವು.

ಬಂದದ್ದು ತಂಬೂರಿಯಲ್ಲ, ಹತ್ತಿ.

ರೈತರ ಕಾರ್ಯಕ್ರಮ ನಡೆಯುತ್ತಿತ್ತು. ಗಾಯನ ಎಲ್ಲಿ ತಪ್ಪಿಹೋಗುತ್ತದೋ ಎಂದು ಮಾಸ್ತರರು ಗುಂಡಿಯನ್ನು ಬಹಳ ಮೊದಲೇ ಒತ್ತಿಬಿಟ್ಟಿದ್ದಾರೆ! ಗೆಳೆಯ ಮುಂದಕ್ಕೆ ಓಡಿಸಲು ಕೈ ಹಾಕಿದ. ನಾನು ಬೇಡವೆಂದೆ. ಮೀಡಿಯಂ ವೇವಿನ ಸುಂಯ್ ಶಬ್ದದ ನಡುವೆ ಇಬ್ಬರು ಮಾತನಾಡುತ್ತಿದ್ದರು, ಒಬ್ಬರು ನಿಲಯದವರು, ಇನ್ನೊಬ್ಬರು ಬೇಸಾಯ ತಿಳಿದವರು. ಸಂಜೆ ಹತ್ತಿ ಮೊಗ್ಗಿನಿಂದ ಕೇಸರ ಕಿತ್ತುಹಾಕಬೇಕು, ಮರುದಿನ ಬೆಳಗ್ಗೆ ಇನ್ನೊಂದು ಗಿಡದ ಹೂವಿನ ಪರಾಗವನ್ನು ತಂದು ಮುಟ್ಟಿಸಬೇಕು, ಗುರುತಿಗೆ ದಾರ ಕಟ್ಟಬೇಕು. ಸಿಸೇರಿಯನ್ ವಿವರಿಸುವ ವೈದ್ಯರಂತೆ ಸಾವಧಾನವಾಗಿ ಹೇಳುತ್ತಿದ್ದರು. ಅಷ್ಟರಲ್ಲಿ ಆ ತಳಿಯ ಹೆಸರು ಬಂತು: ವರಲಕ್ಷ್ಮಿ.

ನನಗೆ ಮೈ ಜುಂ ಎಂದಿತು. ವರಲಕ್ಷ್ಮಿ ಧಾರವಾಡದ್ದೇ ಕೂಸು. ಡಾ. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಸಂಕರ ತಳಿ, 1972ರಲ್ಲಿ ಬಿಡುಗಡೆಯಾದದ್ದು. ಹಾಗಾದರೆ ಈ ಸುರುಳಿ ಅದಕ್ಕಿಂತ ಹಿಂದಿನದಲ್ಲ. ಐದು ನಿಮಿಷ ಕಳೆದಿರಬೇಕು, ನಿರೂಪಕರು "ಮೈಸೂರು ರಾಜ್ಯದ ರೈತ ಬಾಂಧವರು" ಎಂದರು. ಮೈಸೂರು ರಾಜ್ಯ! ಹೆಸರು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಧಾರವಾಡದ ಬಾಯಿಯಲ್ಲಿ 'ಮೈಸೂರು' ಎಂಬ ಮಾತು ಸ್ವಲ್ಪ ಬಿಗಿಯಾಗಿಯೇ ಬಂದಂತೆ ಕೇಳಿಸಿತು. ಇದು ನನ್ನ ಕಿವಿಯ ಕುಚೋದ್ಯವೂ ಇರಬಹುದು. ಏನೇ ಇರಲಿ, ಎರಡು ಕಡೆಯಿಂದಲೂ ಬೇಲಿ ಬಿತ್ತು. ಮುಂದೆ ಆರಿದ್ರಾ ಮಳೆಯ ಮಾತೂ ಬಂದದ್ದರಿಂದ ಜೂನ್ ಕೊನೆ ಅಥವಾ ಜುಲೈ ಮೊದಲ ವಾರ ಎಂಬುದೂ ಖಚಿತವಾಯಿತು. ಉಳಿದದ್ದು ಒಂದೇ ಪ್ರಶ್ನೆ, 1972ನೆಯ ಇಸವಿಯ ಆರಿದ್ರಾವೋ, 1973ರದೋ?

ಗೆಳೆಯ 1972 ಎಂದ. "ಹೊಸ ತಳಿ ಎಂದು ಪರಿಚಯ ಮಾಡಿಕೊಡುತ್ತಿದ್ದಾರಲ್ಲ?" ನಾನು 1973 ಎಂದೆ. ಬಿಡುಗಡೆಯಾದ ವರ್ಷವೇ ರೈತರಿಗೆ ಬೀಜ ಕಟ್ಟುವುದನ್ನು ಕಲಿಸುವ ಗಡಿಬಿಡಿ ಯಾರಿಗಿರುತ್ತದೆ? ಇಬ್ಬರ ವಾದದಲ್ಲೂ ಸತ್ವ ಅಷ್ಟಕ್ಕಷ್ಟೆ. ತಂಜಾವೂರಿನ ಕಡೆ ರೇಡಿಯೋ ಕೇಳಿಯೇ ರೈತರು ಒಪ್ಪಿಕೊಂಡ ಎ.ಡಿ.ಟಿ. 27 ಎಂಬ ಭತ್ತದ ತಳಿಯನ್ನು ಜನ 'ರೇಡಿಯೋ ಭತ್ತ' ಎಂದೇ ಕರೆದರಂತೆ. ನಮ್ಮವರು ವರಲಕ್ಷ್ಮಿಗೆ ಅಂಥ ಅಡ್ಡಹೆಸರು ಕೊಡಲಿಲ್ಲ, ಲಕ್ಷ್ಮಿಯೇ ಸಾಕೆನಿಸಿರಬೇಕು.

ವಾದ ಬಿಟ್ಟು ಮತ್ತೆ ಕೇಳಿದೆವು. ಎರಡನೆಯ ಸಲ ಬೇರೊಂದು ವಿಚಿತ್ರ ಗಮನಕ್ಕೆ ಬಂತು. ಮೌನವಿದ್ದ ಕಡೆ, ಮಾತು ಶುರುವಾಗುವ ಒಂದು ಕ್ಷಣ ಮೊದಲೇ, ಅದೇ ಮಾತು ಪಿಸುದನಿಯಲ್ಲಿ ಬರುತ್ತಿತ್ತು. ವರ್ಷಗಟ್ಟಲೆ ಸುತ್ತಿಯೇ ಇಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತಶಕ್ತಿ ಮೈಗೆ ಮೈ ತಾಗಿದ ಪಕ್ಕದ ಸುತ್ತಿಗೂ ಅಚ್ಚೊತ್ತುತ್ತದೆ. ಹೀಗಾಗಿ ನಿರೂಪಕರು 'ವರಲಕ್ಷ್ಮಿ' ಎನ್ನುವ ಮೊದಲು ಅವರದೇ ನೆರಳು ಒಂದು ಸಲ 'ವರಲಕ್ಷ್ಮಿ' ಎಂದು ಹೇಳಿ ಹೋಗುತ್ತಿತ್ತು.

ಆ ಪಿಸುದನಿಗೆ ಕಿವಿಗೊಟ್ಟದ್ದರಿಂದಲೇ ಮೂರನೆಯ ಸದ್ದು ಸಿಕ್ಕಿತು. ಅದು ರೇಡಿಯೋದ್ದಲ್ಲ, ಮನೆಯದು. ಚುಸ್ ಚುಸ್ ಎಂದು ಏಳೆಂಟು ಸಲ, ಆಮೇಲೆ ಭರ್ರ್ ಎಂಬ ಉದ್ದ ಸದ್ದು. ಮೈಕಿಗೆ ಗಾಯನ ಯಾವುದು, ಅಡಿಗೆಮನೆ ಯಾವುದು ಎಂಬ ಭೇದವಿಲ್ಲ. ನಾವು ಮಳೆಯೇನೋ, ನೀರಿನ ಪಂಪೇನೋ ಎಂದುಕೊಳ್ಳುತ್ತಿದ್ದಾಗ ಒಳಗಿನಿಂದ ಗೆಳೆಯನ ತಾಯಿಯ ದನಿ ಬಂತು. ಎಂಬತ್ತು ದಾಟಿದ ಅವರು ಬೆಳಗಿನಿಂದ ಮಂಚದ ಮೇಲೆ ಸುಮ್ಮನೆ ಮಲಗಿದ್ದವರು.

"ಅದು ಬಾಣಂತನದ ಸ್ಟೋವು."

ಎದ್ದು ಬಂದು ಕುರ್ಚಿಯಲ್ಲಿ ಕುಳಿತು ವಿವರಿಸಿದರು. ಎರಡನೆಯ ಹೆರಿಗೆಯಾದಾಗ ಹೊತ್ತುಹೊತ್ತಿಗೆ ಬಿಸಿನೀರು ಬೇಕೆಂದು ಮಾಸ್ತರರು ಸೀಮೆಎಣ್ಣೆಯ ಪಂಪ್ ಸ್ಟೋವ್ ತಂದರಂತೆ. ಅಲ್ಲಿಯವರೆಗೆ ಮನೆಯಲ್ಲಿ ಸೌದೆ ಒಲೆಯೇ. ಅದನ್ನು ಹೊತ್ತಿಸಿದಾಗಲೆಲ್ಲ ಗಾಯನಕ್ಕೆ ಅಡ್ಡಿಯಾಗುತ್ತದೆಂದು ಅವರು ಸಿಡುಕುತ್ತಿದ್ದರಂತೆ. "ತಂದವರೂ ಅವರೇ, ಸಿಡುಕುವವರೂ ಅವರೇ!"

ಗೆಳೆಯ ನನ್ನ ಮುಖ ನೋಡಿದ. ಅವನ ತಂಗಿ ಹುಟ್ಟಿದ್ದು 1973ರ ಸಂಕ್ರಾಂತಿಯ ಮಾರನೆಯ ವಾರ.

ಗೆದ್ದವನು ನಾನು, ಆದರೆ ಗೆಲ್ಲಿಸಿದ್ದು ನನ್ನ ತರ್ಕವಲ್ಲವಾದ್ದರಿಂದ ಹೆಚ್ಚು ಮಾತನಾಡಲಿಲ್ಲ. ಅಷ್ಟರಲ್ಲಿ ಹತ್ತಿ ಮುಗಿದು ತಂಬೂರಿ ಶುರುವಾಗಿತ್ತು. ಮನ್ಸೂರರ ದನಿ ಒಮ್ಮೆಲೇ ಏರಿತು. ಸ್ಟೋವಿನ ಭರ್ರ್ ಸದ್ದಿನ ಮೇಲೆ ಹತ್ತಿ ನಿಂತ ಹಾಗೆ ಅನಿಸಿತು. ಹಾಡು ದ್ರುತಕ್ಕೆ ತಿರುಗುವಷ್ಟರಲ್ಲಿ ಟೇಪು ಮುಗಿದು, ತುದಿ ಪಟಪಟನೆ ಬಡಿದುಕೊಳ್ಳತೊಡಗಿತು. ಬಿಗಿಹಿಡಿದು ಕಾದ ಮಾಸ್ತರರಿಗೆ ಕೊನೆಯ ಹತ್ತು ನಿಮಿಷ ದಕ್ಕಲೇ ಇಲ್ಲ. ಹತ್ತಿಯ ಪಾಲಿಗೆ ಹೋಗಿತ್ತು.

ಗೆಳೆಯ ಪೆನ್ಸಿಲ್ ತೆಗೆದುಕೊಂಡು ನೀಲಿ ಶಾಯಿಯ ಕೆಳಗೆ 'ವರಲಕ್ಷ್ಮಿ ಹತ್ತಿ, ಆರಿದ್ರಾ ಮಳೆ, 1973' ಎಂದು ಬರೆದ. ತಾಯಿ ಕನ್ನಡಕ ಏರಿಸಿ ಓದಿ, ಡಬ್ಬಿಯನ್ನು ಅವನಿಗೇ ತಿರುಗಿ ಕೊಟ್ಟರು.

"ಸ್ಟೋವನ್ನೂ ಬರಿ."