ಐಸ್‌ಕ್ಯಾಂಡಿ ಕಡ್ಡಿಯ ಪ್ರೊಪೆಲ್ಲರ್

ಹಾಸನ, 21 ಜುಲೈ 2024, ಭಾನುವಾರ

ಬೆಳಗ್ಗೆ ಎದ್ದಾಗಿನಿಂದ ಜಡಿಮಳೆ. ಕನ್ನಡಕದ ಅಂಗಡಿಗೆ ವಾರದ ರಜೆ. ಅಮ್ಮ ಅಡುಗೆಮನೆಯಲ್ಲಿ, ಮಗಳು ಮೊಬೈಲ್‌ನಲ್ಲಿ, ನಾನು ಕಿಟಕಿ ಪಕ್ಕದ ಮೇಜಿನಲ್ಲಿ. ಹಳೆ ಪೇಪರ್ ಹಾಸಿಕೊಂಡು, ಅಂಗಡಿಯಿಂದ ತಂದ ಭೂತಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೂತರೆ ಊಟದ ತನಕ ಯಾರೂ ನನ್ನ ತಂಟೆಗೆ ಬರಬಾರದು ಅನ್ನೋದು ಮನೆಯ ಒಪ್ಪಂದ. ಇವತ್ತು ಆ ಒಪ್ಪಂದ ಮುರಿದದ್ದೇ ಒಳ್ಳೆಯದಾಯಿತು.

ಮೇಜಿನ ಮೇಲಿರೋದು ಸ್ಪಿಟ್‌ಫೈರ್ ಮಾರ್ಕ್ ಒನ್ ಕಿಟ್. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ; ಮಾರ್ಕ್ ಒನ್ ಅಂದರೆ ಕಾರ್ಖಾನೆಯಿಂದ ಸಾಲಾಗಿ ಬಂದ ಮೊದಲ ಬಗೆ. 1:72 ಅಳತೆ, ಅಂದರೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 15.6 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಡಬ್ಬದಲ್ಲಿ ಹೇಳಿದ ಹಾಗೆ ಜೋಡಿಸಿಬಿಟ್ಟರೆ ಎರಡು ಭಾನುವಾರದ ಕೆಲಸ. ನನಗೆ ಇದು ಆರನೇ ಭಾನುವಾರ. ಯಾಕಂದ್ರೆ ನನಗೆ ಬೇಕಾದದ್ದು ಮಾರ್ಕ್ ಒನ್ ಅಲ್ಲ, ಅದಕ್ಕೂ ಮುಂಚಿನದು. 1936ರ ಮಾರ್ಚ್ 5ರಂದು ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರ ಈಸ್ಟ್‌ಲೀಯಲ್ಲಿ ಮೊದಲ ಸಲ ನೆಲ ಬಿಟ್ಟಿತಲ್ಲ, ಆ ಒಂದೇ ಒಂದು ವಿಮಾನ. ಅದರ ನಂಬರು ಕೆ5054. ಆಮೇಲೆ 20,000ಕ್ಕೂ ಜಾಸ್ತಿ ಸ್ಪಿಟ್‌ಫೈರ್‌ಗಳು ಬಂದವು. ಅವಕ್ಕೆಲ್ಲ ಇದು ಅಜ್ಜಿ.

ಅಂಗಡಿ ಹುಡುಗ ಕೇಳಿದ್ದ: "ಅಣ್ಣಾ, ನಮ್ಮ ದೇಶದ್ದೇ ಯಾವುದಾದ್ರೂ ಮಾಡಬಾರದಾ?" ಮಾಡಬಹುದು. ಬೆಂಗಳೂರಲ್ಲೇ ಹುಟ್ಟಿದ ಎಚ್‌ಎಫ್-24 ಮಾರುತ್ ಇದೆ. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಬೆಂಗಳೂರಲ್ಲಿ ಅವರ ಹೆಸರಿನ ರಸ್ತೆಯೇ ಇದೆ. ಕಿಟ್ ಕೈಗೆ ಸಿಕ್ಕ ದಿನ ಅದನ್ನೂ ಮಾಡುತ್ತೇನೆ. "ಬಿಡಣ್ಣಾ, ಬೂವನಹಳ್ಳಿಗೆ ವಿಮಾನ ಬರೋ ಹೊತ್ತಿಗೆ ಎರಡೂ ಮುಗಿದಿರುತ್ತೆ" ಅಂದ ಅವನು. ವರ್ಷಗಟ್ಟಲೆಯಿಂದ ಮುಗಿಯದ ನಮ್ಮ ಹಾಸನದ ವಿಮಾನ ನಿಲ್ದಾಣದ ಜಾಗ ಅದು. ಚಿಕ್ಕ ಹುಡುಗನಾದರೂ ಊರಿನ ಇತಿಹಾಸ ಚೆನ್ನಾಗಿ ಗೊತ್ತು.

ಹಿಂದಿನ ಮಾದರಿ ಮಾಡೋದು ಅಂದರೆ ಬಹಳಷ್ಟು ಕಳೆಯುವ ಲೆಕ್ಕ. ಮಾರ್ಕ್ ಒನ್‌ಗೆ ರೆಕ್ಕೆಗೆ ನಾಲ್ಕರಂತೆ ಎಂಟು ಮೆಷಿನ್ ಗನ್. ಕೆ5054 ಮೊದಲು ಹಾರಿದಾಗ ಗನ್ ಇನ್ನೂ ಕೂರಿಸಿರಲಿಲ್ಲ. ಹಾಗಾಗಿ ಕಿಟ್‌ನ ತೂತುಗಳಿಗೆಲ್ಲ ಕಾರಿಗೆ ಹಚ್ಚೋ ಪುಟ್ಟಿ ತುಂಬಿ, ನೀರುಕಾಗದ ಹಾಕಿ ಉಜ್ಜಿ ಸಮ ಮಾಡಿದೆ. ಎಂಜಿನ್ನಿನ ಹೊಗೆ ಕೊಳವೆ ಮಾರ್ಕ್ ಒನ್‌ನಲ್ಲಿ ಮೀನಿನ ಬಾಲದ ಹಾಗೆ ಹೊರಗೆ ಚಾಚಿ ಹಿಂದಕ್ಕೆ ಬಾಗಿರುತ್ತದೆ. ಹೊಗೆಯನ್ನು ಹಿಂದಕ್ಕೆ ಊದಿದರೆ ವಿಮಾನಕ್ಕೆ ಒಂದಿಷ್ಟು ತಳ್ಳುವ ಬಲ ಸಿಗುತ್ತದೆ ಅನ್ನೋ ಲೆಕ್ಕ ಅದು. ಮೊದಲನೆಯದರಲ್ಲಿ ಆ ಉಪಾಯ ಇರಲಿಲ್ಲ. ತೂತು ಮೈಗೆ ಸಮವಾಗಿತ್ತು. ಅರವನ್ನು ತೆಗೆದುಕೊಂಡು ಬಾಲಗಳನ್ನೆಲ್ಲ ಉಜ್ಜಿ ಹಾಕಿದೆ. ಹಿಂದಿನ ಪುಟ್ಟ ಚಕ್ರವನ್ನೂ ಕತ್ತರಿಸಿದೆ, ಅಲ್ಲಿ ಆಗ ಇದ್ದದ್ದು ನೆಲಕ್ಕೆ ಉಜ್ಜಿಕೊಂಡು ಹೋಗುವ ಒಂದು ಊರುಗೋಲು ಅಷ್ಟೆ. ಅದಕ್ಕೆ ಮುರಿದ ಕನ್ನಡಕದ ಕಡ್ಡಿಯೊಳಗಿನ ತಂತಿ ಸರಿಯಾಗಿ ಹೊಂದಿತು. ನಮ್ಮ ಅಂಗಡಿಯ ಕಸದ ಬುಟ್ಟಿ ಯಾವ ಹಾಬಿ ಅಂಗಡಿಗೂ ಕಡಿಮೆ ಇಲ್ಲ.

ಇಷ್ಟೆಲ್ಲ ಕಳೆದ ಐದು ಭಾನುವಾರಗಳ ಮಾತು. ಇವತ್ತಿನದು ಪ್ರೊಪೆಲ್ಲರ್.

ಕಿಟ್‌ನಲ್ಲಿ ಬಂದದ್ದು ಮೂರು ಅಲಗಿನದು. ಕೆ5054ಕ್ಕೆ ಇದ್ದದ್ದು ಎರಡೇ ಅಲಗು, ಅದೂ ಮರದ್ದು. ಮರದ್ದನ್ನು ಮರದಲ್ಲೇ ಮಾಡೋಣ ಅನ್ನಿಸಿತು. ಮಗಳು ತಿಂದು ಬಿಟ್ಟ ಐಸ್‌ಕ್ಯಾಂಡಿ ಕಡ್ಡಿಗಳನ್ನು ಅಮ್ಮ ತೊಳೆದು ಡಬ್ಬದಲ್ಲಿ ಎತ್ತಿಟ್ಟಿದ್ದರು. ಯಾವುದಕ್ಕೋ ಬೇಕಾಗುತ್ತೆ ಅಂತ ಎತ್ತಿಡೋದು ಅವರ ಅಭ್ಯಾಸ. ಬೇಕಾಯಿತಲ್ಲ! ನಾಲ್ಕೂವರೆ ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ನಡುವೆ ಗುಂಡುಪಿನ್ನಿನ ತೂತು ಹಾಕಿ, ಬ್ಲೇಡಿನಲ್ಲಿ ಕೆತ್ತಲು ಶುರು ಮಾಡಿದೆ. ಅಲಗು ನಡುವಿನಲ್ಲಿ ಜಾಸ್ತಿ ತಿರುಚಿಕೊಂಡಿರಬೇಕು, ತುದಿಗೆ ಹೋಗುತ್ತಾ ಚಪ್ಪಟೆಯಾಗಬೇಕು. ನಡುವಿಗಿಂತ ತುದಿ ಜೋರಾಗಿ ತಿರುಗುತ್ತದಲ್ಲ, ಅದಕ್ಕೆ. ಕಡ್ಡಿಯ ನಾರು ಒಂದು ಕಡೆ ಬ್ಲೇಡಿಗೆ ಒಲಿಯುತ್ತದೆ, ಇನ್ನೊಂದು ಕಡೆ ಸಿಬಿರೇಳುತ್ತದೆ. ಒಂದೂಕಾಲು ಗಂಟೆ ಹಿಡಿಯಿತು. ಕೊನೆಗೆ ಲೆನ್ಸ್ ಅಂಚು ನುಣುಪು ಮಾಡೋ ಕಾಗದದಲ್ಲಿ ಉಜ್ಜಿದೆ. ಬೆಳಕಿಗೆ ಹಿಡಿದರೆ ಅಲಗಿನ ಅಂಚು ಜೇನಿನ ಬಣ್ಣಕ್ಕೆ ಕಾಣುವಷ್ಟು ತೆಳುವಾಗಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪಿನ್ನಿಗೆ ಸಿಕ್ಕಿಸಿ ಮಗಳನ್ನು ಕರೆದೆ. ಎದುರಿಂದ ಉಫ್ ಅಂತ ಊದಿದಳು. ಗಿರ್ರನೆ ತಿರುಗಿತು. ನಾನು ಹಲ್ಲು ಕಿರಿದೆ. ಅವಳು ನಗಲಿಲ್ಲ. ಮೊಬೈಲ್ ತೆಗೆದು ಯಾವುದೋ ಸ್ಪಿಟ್‌ಫೈರ್ ಸ್ಟಾರ್ಟ್ ಆಗೋ ವಿಡಿಯೋ ಹಾಕಿದಳು.

"ಅಪ್ಪಾ, ಇದು ಆ ಕಡೆ ತಿರುಗುತ್ತೆ. ನಿಮ್ದು ಈ ಕಡೆ."

ಎರಡು ಸಲ ನೋಡಿದೆ. ಅವಳು ಹೇಳಿದ್ದೇ ಸರಿ. ಕೆ5054ರಲ್ಲಿದ್ದ ಮರ್ಲಿನ್ ಎಂಜಿನ್ನಿನ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ ಅಂತ ತಲೆಯಲ್ಲಿ ಇಟ್ಟುಕೊಂಡು ಕೆತ್ತಿದ್ದೆ. ಆದರೆ ಅದು ಪೈಲಟ್ ಕೂತ ಕಡೆಯಿಂದ ನೋಡಿದಾಗ. ನಾನು ಲೆಕ್ಕ ಹಾಕಿದ್ದು ಎದುರಿಗೆ ನಿಂತು. ತಿರುಚು ಪೂರ್ತಿ ಉಲ್ಟಾ. ಎಡಗೈ ಸ್ಕ್ರೂ ಆಗಿಬಿಟ್ಟಿತ್ತು. ತಮಾಷೆ ಅಂದರೆ, ಯುದ್ಧದ ಎರಡನೇ ಅರ್ಧದಲ್ಲಿ ಸ್ಪಿಟ್‌ಫೈರ್‌ಗೆ ಗ್ರಿಫನ್ ಅನ್ನೋ ದೊಡ್ಡ ಎಂಜಿನ್ ಬಂತು. ಅದರ ಪ್ರೊಪೆಲ್ಲರ್ ತಿರುಗುತ್ತಿದ್ದದ್ದು ಹೀಗೇ, ಮರ್ಲಿನ್‌ಗೆ ವಿರುದ್ಧ ದಿಕ್ಕಿಗೆ. 1936ಕ್ಕೆ ಹೋಗಬೇಕು ಅಂತ ಹೊರಟವನು ಬ್ಲೇಡು ಹಿಡಿದು 1943ಕ್ಕೆ ಬಂದು ಇಳಿದಿದ್ದೆ.

ಬೇಜಾರಿನಲ್ಲಿ ಪ್ರೊಪೆಲ್ಲರ್ ಪಕ್ಕಕ್ಕಿಟ್ಟು ಪೈಲಟ್ ತಲೆಯ ಮೇಲಿನ ಗಾಜಿಗೆ ಕೈ ಹಾಕಿದೆ. ಹಾಕಬಾರದಿತ್ತು. ಕಿಟ್‌ನ ಗಾಜು ನೆತ್ತಿಯಲ್ಲಿ ಉಬ್ಬಿಕೊಂಡಿದೆ. ಎತ್ತರದ ಪೈಲಟ್‌ಗಳ ತಲೆ ತಾಗುತ್ತಿತ್ತು ಅಂತ ಆಮೇಲೆ ಬಂದ ಉಬ್ಬು ಅದು. ಮೊದಲನೆಯದರಲ್ಲಿ ನೆತ್ತಿ ಚಪ್ಪಟೆ. ಹಾಗಾಗಿ ಉಬ್ಬನ್ನು ಉಜ್ಜಿ ಇಳಿಸಿ, ಪಾಲಿಷ್ ಹಾಕಿ, ಕನ್ನಡಿ ಥರ ಮಾಡಿದ್ದೆ. ಈ ಕೆಲಸ ನನಗೆ ನೀರು ಕುಡಿದ ಹಾಗೆ. ಅಂಟಿಸಲು ಬಿಳಿ ಗೋಂದು ಹುಡುಕುವ ತಾಳ್ಮೆ ಇರಲಿಲ್ಲ. ಸುಮ್ನೆ ಒಂದು ಹನಿ ಸೂಪರ್ ಗ್ಲೂ ಇಟ್ಟೆ. ಐದು ನಿಮಿಷಕ್ಕೆ ಒಳಗಿಂದ ಗಾಜಿಗೆಲ್ಲ ಮಂಜು ಕವಿಯಿತು. ಆ ಅಂಟಿನ ಆವಿ ನುಣುಪಾದ ಪ್ಲಾಸ್ಟಿಕ್ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ ಅನ್ನೋದು ಗೊತ್ತಿಲ್ಲದ ವಿಷಯವೇನಲ್ಲ. ಕನ್ನಡಕಕ್ಕೆ ಈ ಅಂಟು ಹಾಕಬೇಡಿ ಅಂತ ಗಿರಾಕಿಗಳಿಗೆ ದಿನಾ ಉಪದೇಶ ಮಾಡೋನು ನಾನೇ. ಮೆಲ್ಲಗೆ ಕಿತ್ತು, ಒಳಗಿಂದ ಟೂತ್‌ಪೇಸ್ಟ್ ಹಾಕಿ ಉಜ್ಜಿದ ಮೇಲೆ ಮುಕ್ಕಾಲು ಪಾಲು ಹೋಗಿದೆ. ಉಳಿದದ್ದು ಇಂಗ್ಲೆಂಡಿನ ಮಂಜು ಅಂದುಕೊಳ್ಳಬೇಕು.

ಊಟಕ್ಕೆ ಎದ್ದೆ. ಅಮ್ಮ ಸಂಜೆಗೆ ನೆನೆಹಾಕಲು ಬಟಾಣಿ ಆರಿಸುತ್ತಿದ್ದರು. ಬಟಾಣಿ ಕಂಡರೆ ಕೆ5054ರ ಕಥೆ ಹೇಳದೆ ಇರೋಕಾಗುತ್ತಾ? ವಿಮಾನದ ಮೈಗೆ ತಗಡು ಹೊಡೆಯುವ ರಿವೆಟ್ ತಲೆಗಳನ್ನು ಮೈಗೆ ಸಮ ಮಾಡಿದರೆ ಗಾಳಿ ತಡೆಯುವುದು ಕಡಿಮೆ, ಆದರೆ ಕೆಲಸ ಜಾಸ್ತಿ, ದುಡ್ಡೂ ಜಾಸ್ತಿ. ಗುಂಡು ತಲೆಯ ರಿವೆಟ್ ಅಗ್ಗ. ಎಲ್ಲೆಲ್ಲಿ ಗುಂಡು ತಲೆ ಇಟ್ಟರೆ ನಡೆಯುತ್ತದೆ ಅಂತ ತಿಳಿಯಬೇಕಿತ್ತು. ಆ ವಿಮಾನ ಕಟ್ಟಿದವರು ಏನು ಮಾಡಿದರು? ಒಡೆದ ಬಟಾಣಿ ತಂದು ಒಂದೊಂದು ರಿವೆಟ್ ಮೇಲೂ ಅಂಟಿಸಿದರು. ಹಾರಿಸಿ ನೋಡಿದರೆ ವೇಗ ಗಂಟೆಗೆ 22 ಮೈಲಿ ಬಿದ್ದುಹೋಯಿತು. ಆಮೇಲೆ ಒಂದೊಂದೇ ಸಾಲು ಕೆರೆದು ತೆಗೆಯುತ್ತಾ, ಹಾರಿಸುತ್ತಾ, ಎಲ್ಲಿ ಗುಂಡು ತಲೆ ಇದ್ದರೂ ನಷ್ಟವಿಲ್ಲ ಅಂತ ಕಂಡುಕೊಂಡರು.

ಅಮ್ಮ ಮೊರ ಕೆಳಗಿಟ್ಟು ಕೇಳಿದರು: "ಆಮೇಲೆ ಆ ಬಟಾಣಿ ಏನ್ ಮಾಡಿದ್ರೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಮಾದರಿಗೂ ಬಟಾಣಿ ಅಂಟಿಸೋಣ ಅಂದಳು ಮಗಳು. ಲೆಕ್ಕ ಹಾಕಿದೆವು. 6 ಮಿಲಿಮೀಟರ್ ಬಟಾಣಿಯನ್ನು 72ರಿಂದ ಭಾಗಿಸಿದರೆ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗವೂ ಬರುವುದಿಲ್ಲ. ರಾಗಿ ಕಾಳು ಆನೆಯಷ್ಟು ದೊಡ್ಡದಾಯಿತು. ರಾಗಿ ಹಿಟ್ಟು ಉದುರಿಸಬಹುದೇನೋ. ಬೇಡ ಅಂತ ಬಿಟ್ಟೆವು.

ಮಧ್ಯಾಹ್ನ ಇನ್ನೊಂದು ಕಡ್ಡಿ ತೆಗೆದೆ. ಈ ಸಲ ಪೆನ್ನಿನಲ್ಲಿ ಬಾಣದ ಗುರುತು ಹಾಕಿಕೊಂಡೆ, ಮಗಳ ಕೈಯಲ್ಲಿ ಸಹಿ ಹಾಕಿಸಿದೆ. ಪ್ರೊಪೆಲ್ಲರ್ ವಿಷಯದಲ್ಲಿ ಕೆ5054 ಕಟ್ಟಿದವರಿಗೂ ನೆಮ್ಮದಿ ಇರಲಿಲ್ಲ ಅನ್ನೋದೇ ನನಗೆ ಸಮಾಧಾನ. ಮೊದಮೊದಲ ಪರೀಕ್ಷೆಯಲ್ಲಿ ವೇಗ ಗಂಟೆಗೆ 335 ಮೈಲಿ ಮಾತ್ರ ಬಂತು. ವಿನ್ಯಾಸ ಮಾಡಿದ ಮಿಚೆಲ್‌ಗೆ ಅದು ಸಾಲದು. ಅಲಗು ಬದಲಾಯಿಸಿದ ಮೇಲೆ 348. 1936ರ ಜೂನ್ 3ರಂದು ಬ್ರಿಟಿಷ್ ಸರ್ಕಾರ 310 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಮಿಚೆಲ್ ಮುಂದಿನ ವರ್ಷವೇ, 42ನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ಹೋದರು. ತಯಾರಾದ ಸ್ಪಿಟ್‌ಫೈರ್ ಸಾಲಾಗಿ ನಿಂತದ್ದನ್ನು ನೋಡಲಿಲ್ಲ. ಕೆ5054 ಕೂಡ ಯುದ್ಧ ನೋಡಲಿಲ್ಲ. ಬ್ರಿಟನ್ ಯುದ್ಧ ಸಾರಿದ ಮರುದಿನ, 1939ರ ಸೆಪ್ಟೆಂಬರ್ 4ರಂದು, ಫಾರ್ನ್‌ಬರೋದಲ್ಲಿ ಇಳಿಯುವಾಗ ಮಗುಚಿಕೊಂಡಿತು. ಪೈಲಟ್ ಉಳಿಯಲಿಲ್ಲ.

ಮೊದಲ ಹಾರಾಟದ ಪೈಲಟ್ ಸಮ್ಮರ್ಸ್ ಬಗ್ಗೆ ಒಂದು ಮಾತು ಎಲ್ಲರೂ ಹೇಳುತ್ತಾರೆ. ಎಂಟು ನಿಮಿಷ ಹಾರಿಸಿ ಇಳಿದವರು, ಏನನ್ನೂ ಮುಟ್ಟಬೇಡಿ ಅಂದರಂತೆ. ವಿಮಾನ ಅಷ್ಟು ಪರಿಪೂರ್ಣವಾಗಿತ್ತು ಅಂತ ಅದಕ್ಕೆ ಅರ್ಥ ಕಟ್ಟಿದರು. ಅಲ್ಲ. ಮುಂದಿನ ಹಾರಾಟದ ತನಕ ಈಗಿರೋ ಸೆಟ್ಟಿಂಗು ಬದಲಾಯಿಸಬೇಡಿ ಅಂತಷ್ಟೇ. ಕಣ್ಣು ಪರೀಕ್ಷೆ ಮಾಡೋವಾಗ ನಾವೂ ಹೇಳುತ್ತೇವಲ್ಲ, ಅಲ್ಲಾಡಬೇಡಿ ಅಂತ. ಕಣ್ಣು ಸರಿ ಇದೆ ಅಂತ ಅರ್ಥವೇ?

ಐದು ಗಂಟೆಗೆ ಎರಡನೇ ಪ್ರೊಪೆಲ್ಲರ್ ಮುಗಿಯಿತು. ಮಗಳು ಊದಿದಳು, ವಿಡಿಯೋ ನೋಡಿದಳು, ತಲೆ ಆಡಿಸಿದಳು. ಪಾಸು.

ಇನ್ನು ಉಳಿದಿರೋದು ಬಣ್ಣ. ಮೊದಲು ಹಾರಿದಾಗ ಮೈಗೆ ಬರೀ ಪ್ರೈಮರ್ ಇತ್ತು. ಆಮೇಲೆ ಕಾರಿಗೆ ಹೊಡೆಯೋ ಥರ ಫಳಫಳ ಹೊಳೆಯುವ ತಿಳಿ ನೀಲಿ-ಬೂದು ಬಣ್ಣ ಬಳಿದರು. ನಾನು ಮಾಡುತ್ತಿರೋದು ಆ ನೀಲಿಯದು. ನನ್ನ ಹತ್ತಿರ ಇರೋ ಫೋಟೋಗಳೆಲ್ಲ ಕಪ್ಪು-ಬಿಳುಪು. ಅದರಲ್ಲಿ ನೀಲಿ ಎಷ್ಟು, ಬೂದು ಎಷ್ಟು? ನಿನ್ನೆ ಬಿ.ಎಂ. ರಸ್ತೆಯಿಂದ ಬರುವಾಗ ಕಾರು ಪೇಂಟ್ ಮಾಡುವವರ ಶೆಡ್ಡಿಗೆ ಹೋಗಿದ್ದೆ. ಇದು ಕಾರಿನ ಬಣ್ಣವೇ ತಾನೇ, ಅವರಿಗೇ ಚೆನ್ನಾಗಿ ಗೊತ್ತು.

"ಯಾವ ಗಾಡಿ ಸಾರ್?"

"ಸ್ಪಿಟ್‌ಫೈರ್."

"ಯಾವ ಕಂಪನಿದು?"

"ಸೂಪರ್‌ಮೆರೀನ್."

ಗೊತ್ತಿರೋನ ಹಾಗೆ ತಲೆ ಆಡಿಸಿ, ನಾಲ್ಕು ತಗಡಿನ ತುಂಡಿಗೆ ನಾಲ್ಕು ಬಗೆಯ ನೀಲಿ ಹಚ್ಚಿ ತೋರಿಸಿದರು. ಮೂರನೆಯದನ್ನು ಆರಿಸಿದೆ. ಮಳೆ ನಿಲ್ಲೋ ತನಕ ಹೊಡೆಯಬೇಡಿ, ತೇವಕ್ಕೆ ಲ್ಯಾಕರ್ ಬಿಳಿಚಿಕೊಳ್ಳುತ್ತದೆ, ಕೆಳಗೆ ಪ್ರೈಮರ್ ಇಲ್ಲದಿದ್ದರೆ ಪ್ಲಾಸ್ಟಿಕ್ ತಿಂದುಬಿಡುತ್ತದೆ ಅಂತಲೂ ಎಚ್ಚರಿಸಿದರು. ವಿಮಾನವನ್ನು ಮುಚ್ಚಳದ ಡಬ್ಬದಲ್ಲಿ ಇಟ್ಟಿದ್ದೇನೆ. ಮಳೆ ನಿಲ್ಲುವ ಸೂಚನೆಯೇ ಇಲ್ಲ.

ಇದನ್ನು ಬರೆಯುತ್ತಿರುವಾಗ ಅವರದೇ ಫೋನು.

"ಸಾರ್, ನಿಮ್ಮ ಗಾಡಿ ಬಣ್ಣ ರೆಡಿ ಇದೆ. ಅರ್ಧ ಲೀಟರ್ ಕಲಸಿದೀನಿ. ಬಂಪರ್‌ಗೂ ಇದೇ ತಾನೆ?"