ಕೈವಾರದಲ್ಲಿ ಷಟ್ಕೋನ, ಸ್ಕ್ರಾಪ್‌ಬುಕ್ಕಿನ ಪುಟಕ್ಕೆ

ಕೋನಮಾಪಕ ಕಂಪಾಸ್ ಪೆಟ್ಟಿಗೆಯಲ್ಲೇ ಇರಲಿ. ಷಟ್ಕೋನಕ್ಕೆ ಕೈವಾರವೊಂದೇ ಸಾಕು. 3 ಸೆಂ.ಮೀ. ತೆರೆದು ವೃತ್ತ ಎಳೆಯಿರಿ, ತೆರಪು ಬದಲಿಸದೆ ಅಂಚಿನ ಸುತ್ತ ಆರು ಗುರುತು ಹಾಕಿ, ಸ್ಕೇಲಿನಿಂದ ಸೇರಿಸಿ. ಆರನೆಯ ಗುರುತು ಹೊರಟ ಬಿಂದುವಿನ ಮೇಲೇ ಕೂರದಿದ್ದರೆ ಕೈವಾರದ ತಿರುಪು ಸಡಿಲವಾಗಿದೆ ಎಂದರ್ಥ. ಪ್ರತಿ ಸಲ ಅರ್ಧ ಮಿ.ಮೀ. ಜಾರಿದರೂ ಕೊನೆಗೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಅದನ್ನು ಅಳಿಸಿ ಸರಿಮಾಡುವ ಗೋಜಿಗೆ ಹೋಗಬೇಡಿ, ಹೊಸದನ್ನೇ ಎಳೆಯಿರಿ.

ಹೀಗೆ ಒಂದನ್ನು ಮಾತ್ರ ಹಳೆ ಕ್ಯಾಲೆಂಡರಿನ ರಟ್ಟಿನ ಮೇಲೆ ಬರೆದು ಅಚ್ಚು ಮಾಡಿಕೊಳ್ಳಿ. ಕತ್ತರಿ ಬೇಡ, ಸ್ಟೀಲ್ ಸ್ಕೇಲ್ ಒತ್ತಿಹಿಡಿದು ಬ್ಲೇಡಿನಲ್ಲಿ ಎರಡು ಸಲ ಹಗುರವಾಗಿ ಎಳೆದರೆ ಮೂಲೆ ಚೂಪಾಗಿ ಬರುತ್ತದೆ. ಅಚ್ಚಿನ ಸುತ್ತ ಪೆನ್ಸಿಲ್ ಓಡಿಸಿದಾಗ ಗೆರೆ ಹೊರಗೇ ಬೀಳುತ್ತದೆ. ಆದ್ದರಿಂದ ಗೆರೆಯ ಒಳಬದಿಗೆ ಕತ್ತರಿಸಬೇಕು. ಇಲ್ಲವಾದರೆ ಪ್ರತಿ ತುಂಡೂ ಒಂದಿಷ್ಟು ದೊಡ್ಡದಾಗಿ ಸಾಲಿನ ಅಳತೆ ತಪ್ಪುತ್ತದೆ.

30 ಸೆಂ.ಮೀ. ಚೌಕದ ಪುಟಕ್ಕೆ ಲೆಕ್ಕ ಹೀಗೆ. ಮೂಲೆ ಮೇಲಕ್ಕೆ ಬರುವಂತೆ ಇಟ್ಟರೆ ತುಂಡಿನ ಅಗಲ 5.2, ಎತ್ತರ 6 ಸೆಂ.ಮೀ. ನಡುವೆ 3 ಮಿ.ಮೀ. ಸಂದು ಬಿಟ್ಟರೆ ಒಂದು ಸಾಲಿಗೆ ಐದು, ಕೆಳಗಿನದಕ್ಕೆ ನಾಲ್ಕು, ಮತ್ತೆ ಐದು. ಒಂದು ಸಾಲಿನ ಕೇಂದ್ರದಿಂದ ಮುಂದಿನದರ ಕೇಂದ್ರಕ್ಕೆ 4.8 ಸೆಂ.ಮೀ. ಒಟ್ಟು ಹದಿನಾಲ್ಕು ತುಂಡು ಅರ್ಧ ಪುಟ ಹಿಡಿಯುತ್ತವೆ, ಉಳಿದರ್ಧ ಬರಹಕ್ಕೆ. ಪೂರ್ತಿ ತುಂಬಿಸಿದರೆ ಕಣ್ಣಿಗೆ ವಿಶ್ರಾಂತಿಯಿಲ್ಲ, ಬಾತ್‌ರೂಮಿನ ಟೈಲ್ಸ್ ನೋಡಿದಂತಾಗುತ್ತದೆ.

ಎಲ್ಲ ಫೋಟೋವೂ ಷಟ್ಕೋನಕ್ಕೆ ಒಗ್ಗುವುದಿಲ್ಲ. 10×15 ಸೆಂ.ಮೀ. ಪ್ರಿಂಟ್ ಒಂದರಲ್ಲಿ ಎರಡು ತುಂಡು ಸಿಗುತ್ತವೆ, ಮುಖ 5.2 ಸೆಂ.ಮೀ. ವ್ಯಾಸದ ವೃತ್ತದೊಳಗೆ ಇರಬೇಕು. ಕಾಸರಗೋಡಿನ ಅನಂತಪುರದ ಕೆರೆ, ಬೇಕಲ ಕೋಟೆಯ ಬುರುಜು ಚೆನ್ನಾಗಿ ಕೂರುತ್ತವೆ. ಭೂತಕೋಲದಲ್ಲಿ ಬೆನ್ನಿಗೆ ಕಟ್ಟುವ ಅಣಿಯಂಥ ಎತ್ತರದ ಚಿತ್ರಕ್ಕೆ ಮಾತ್ರ ಕತ್ತರಿ ಹಾಕಬೇಡಿ, ಉದ್ದನೆಯ ಆಯತವಾಗಿಯೇ ಬಿಡಿ. ತೆಂಕುತಿಟ್ಟಿನ ಯಕ್ಷಗಾನದ ಕಿರೀಟವೇಷಕ್ಕೆ ತ್ರಿಭುಜ ಹೊಂದುತ್ತದೆ.

ಖಾಲಿ ಉಳಿದ ಷಟ್ಕೋನಕ್ಕೆ ಒಂದು ಉಪಾಯ: ಕೇಂದ್ರದಿಂದ ಒಂದು ಬಿಟ್ಟು ಒಂದು ಮೂಲೆಗೆ ಗೆರೆ ಎಳೆದರೆ ಮೂರು ವಜ್ರಾಕೃತಿ. ಅವಕ್ಕೆ ಒಂದೇ ಬಣ್ಣದ ತಿಳಿ, ನಡು, ಗಾಢ ಛಾಯೆ ಕೊಟ್ಟರೆ ಘನವೊಂದು ಎದ್ದು ನಿಲ್ಲುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪಿನಲ್ಲಿ ಮಾಡಿದರೆ ಕೋಟೆಯ ಫೋಟೋ ಪಕ್ಕ ಬಹಳ ಚೆಂದ. ಆದರೆ ಎಲ್ಲ ತುಂಡಿನಲ್ಲೂ ತಿಳಿ ಛಾಯೆ ಒಂದೇ ದಿಕ್ಕಿಗಿರಬೇಕು, ಒಂದು ತಿರುಗಿದರೂ ಭ್ರಮೆ ಒಡೆಯುತ್ತದೆ.

ಅಂಟು ನಮ್ಮೂರ ಮಳೆಗಾಲದ ದೊಡ್ಡ ತಲೆನೋವು. ನೀರು ಬೆರೆತ ಬಿಳಿ ಅಂಟು ಕಾಗದವನ್ನು ಹಿಗ್ಗಿಸುತ್ತದೆ, ಒಣಗುವಾಗ ಮೂಲೆ ಮೇಲೇಳುತ್ತದೆ. ತುಳುವರ ಆಟಿ ತಿಂಗಳಲ್ಲಂತೂ (ಜುಲೈ–ಆಗಸ್ಟ್) ಒಣಗುವುದೇ ಇಲ್ಲ. 6 ಮಿ.ಮೀ. ಅಗಲದ ಎರಡು ಮುಖದ ಟೇಪ್ ಬಳಸಿ, ಆರೂ ಮೂಲೆಗೆ ತಾಗುವಂತೆ. ಸೆಲ್ಲೊಟೇಪ್ ಬೇಡ, ವರ್ಷಗಳಲ್ಲಿ ಹಳದಿಯಾಗಿ ಬಿರಿಯುತ್ತದೆ. ಹೊದಿಕೆ ಕವರ್ ಕೊಳ್ಳುವಾಗ ಪಿವಿಸಿ ಬಿಟ್ಟು ಪಾಲಿಪ್ರೊಪಿಲೀನ್ ಕೇಳಿ. ಪುಸ್ತಕವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಬೂಸ್ಟು ಮೊದಲು ಹಿಡಿಯುವುದು ಅಲ್ಲೇ.