ಒಬ್ಬಳೇ ಕೂತು ಓದಬಹುದಲ್ವಾ, ಗುಂಪು ಯಾಕೆ?

"ಕಥೆ ಪುಸ್ತಕ ತಾನೇ? ಮನೇಲಿ ಒಬ್ಬಳೇ ಕೂತು ಓದಬಹುದಲ್ವಾ? ಅದಕ್ಕೊಂದು ಗುಂಪು ಯಾಕೆ?"

ಅಮ್ಮ ಫೋನಿನಲ್ಲಿ ಕೇಳಿದ್ದಾರೆ. ಯುಗಾದಿ ಊಟಕ್ಕೆ ಸೇರಿದ ಇಲ್ಲಿನ ಕನ್ನಡದವರು ಕೇಳಿದ್ದಾರೆ. ಊರಿಗೆ ಹೋದಾಗ ಅತ್ತಿಗೆ ಕೇಳಿದ್ದಾರೆ. ಪ್ರತಿ ಸಲ ನಗುತ್ತಾ ಏನೋ ಒಂದು ಹೇಳಿ ಸುಮ್ಮನಾಗಿದ್ದೇನೆ. ಈಗ ಸಾಕಾಗಿದೆ. ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ತಿಂಗಳಿಗೊಂದು ಸಂಜೆ ನಾವು ಒಂಬತ್ತು ಜನ ಲೈಬ್ರರಿಯಲ್ಲಿ ಸೇರಿ, ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಹೋದ ವರ್ಷ ಜಾರ್ಜ್ ಎಲಿಯಟ್ ಅವರ 'ಮಿಡಲ್‌ಮಾರ್ಚ್' ಓದಿದೆವು. 86 ಅಧ್ಯಾಯ, 800 ಪುಟ ದಾಟುವ ಕಾದಂಬರಿ. ನಮಗೆ ಎಂಟು ತಿಂಗಳು ಹಿಡಿಯಿತು.

ಈ ಎಂಟು ತಿಂಗಳು ಅಂದ ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ. "ನಿಮಗೆ ಟೈಮ್ ಎಲ್ಲಿ ಸಿಗತ್ತೆ?" ಇದು ನಿಜವಾಗಿ ಪ್ರಶ್ನೆ ಅಲ್ಲ. ನಿಮಗೆ ಬೇರೆ ಕೆಲಸ ಇಲ್ಲ ಅಂತ ಹೇಳುವ ರೀತಿ. ನನಗೆ ಕೆಲಸ ಇದೆ, ಇಬ್ಬರು ಮಕ್ಕಳಿದ್ದಾರೆ, ಅಡುಗೆ ನಾನೇ ಮಾಡುತ್ತೇನೆ. ವಾಕಿಂಗ್ ಗುಂಪಿನವರನ್ನು ಯಾರೂ ಹೀಗೆ ಕೇಳುವುದಿಲ್ಲ. ಭಜನೆ ಗುಂಪಿನವರನ್ನೂ ಕೇಳುವುದಿಲ್ಲ. ಭಜನೆಯನ್ನೂ ದೇವರ ಮುಂದೆ ಒಬ್ಬರೇ ಕೂತು ಹಾಡಬಹುದಲ್ಲ!

ಅಮ್ಮ ಕೇಳಿದ್ದಂತೂ ನನಗೆ ಆಶ್ಚರ್ಯ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಮಳೆಗಾಲದ ರಾತ್ರಿ ದೊಡ್ಡಪ್ಪ ಜಗಲಿಯಲ್ಲಿ ಕೂತು ಕುಮಾರವ್ಯಾಸನನ್ನು ರಾಗವಾಗಿ ಓದುತ್ತಿದ್ದರು. ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಕಪಕ್ಕದ ಮನೆಯವರು ಬರುತ್ತಿದ್ದರು. ಕರ್ಣನ ಭಾಗ ಬಂದರೆ ಜಗಳವೇ ಆಗುತ್ತಿತ್ತು. ಅಮ್ಮನೂ ಬಾಗಿಲ ಹತ್ತಿರ ಹಲಸಿನ ಬೀಜ ಸುಲಿಯುತ್ತಾ ಕೂತಿರುತ್ತಿದ್ದರು. ಅವತ್ತು ಯಾರೂ ಯಾರನ್ನೂ ಗುಂಪು ಯಾಕೆ ಅಂತ ಕೇಳಲಿಲ್ಲ.

ಈ ಕಾದಂಬರಿ ಬಂದ ಕಾಲದಲ್ಲಿ ಇಂಗ್ಲೆಂಡಿನಲ್ಲೂ ಹಾಗೇ ಇತ್ತು. ಸಂಜೆ ಮನೆಮಂದಿಯೆಲ್ಲ ಕೂತಾಗ ಒಬ್ಬರು ಗಟ್ಟಿಯಾಗಿ ಓದುವುದು ಎಷ್ಟೋ ಮನೆಗಳಲ್ಲಿ ರೂಢಿ. ಈ ಕಾದಂಬರಿ ಕೂಡ ಒಂದೇ ಏಟಿಗೆ ಬರಲಿಲ್ಲ. 1871ರ ಡಿಸೆಂಬರಿನಿಂದ 1872ರ ಡಿಸೆಂಬರಿನ ತನಕ ಎಂಟು ಭಾಗಗಳಾಗಿ ಹೊರಬಂತು. ಮೊದಮೊದಲು ಎರಡು ತಿಂಗಳಿಗೊಂದು ಭಾಗ. ಮುಂದೇನಾಯಿತು ಅಂತ ಊರೂರೇ ಒಟ್ಟಿಗೆ ಕಾಯುತ್ತಿತ್ತು. ನಾವು ತಿಂಗಳಿಗೊಂದು ಭಾಗ ಅಂತ ಲೆಕ್ಕ ಹಾಕಿಕೊಂಡೆವು.

ಬರೆದವರು ಇಲ್ಲಿನವರೇ. ಜಾರ್ಜ್ ಎಲಿಯಟ್ ಎಂಬುದು ಬರವಣಿಗೆಗೆ ಇಟ್ಟುಕೊಂಡ ಗಂಡುಹೆಸರು. ನಿಜವಾದ ಹೆಸರು ಮೇರಿ ಆ್ಯನ್ ಇವಾನ್ಸ್. 1819ರಲ್ಲಿ ಹುಟ್ಟಿದ್ದು ಪಕ್ಕದ ನನೀಟನ್ ಹತ್ತಿರ, ಶಾಲೆಗೆ ಬಂದಿದ್ದು ಕವೆಂಟ್ರಿಗೆ. ಕಥೆಯ ಮಿಡಲ್‌ಮಾರ್ಚ್ ಊರಿಗೆ ಈ ಊರೇ ಮಾದರಿ ಅಂತ ಹೇಳುತ್ತಾರೆ. ಕವೆಂಟ್ರಿ ಆಗ ರೇಷ್ಮೆ ರಿಬ್ಬನ್ ನೇಯುವ ಊರು. ನಮ್ಮ ಗುಂಪಿನ ಒಬ್ಬರ ಮುತ್ತಜ್ಜಿಯ ತಾಯಿ ಆ ಮಗ್ಗದಲ್ಲಿ ಕೂತವರು. ಹಾಗಾಗಿ ಪುಸ್ತಕದಲ್ಲಿ ನೇಕಾರರ ಮಾತು ಬಂದಾಗ ಅವರು ಓದುವ ರೀತಿಯೇ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂರನೇ ತಿಂಗಳ ಸಂಜೆ.

ಕಥೆಯಲ್ಲಿ ಡೊರೊಥಿಯಾ ಎಂಬ ಹುಡುಗಿ ಇದ್ದಾಳೆ. ಇನ್ನೂ 20 ತುಂಬಿಲ್ಲ. ದೊಡ್ಡದೇನಾದರೂ ಮಾಡಬೇಕು ಅನ್ನುವ ಆಸೆ. 45 ದಾಟಿದ ಕಸಾಬನ್ ಎಂಬ ಪಾದ್ರಿಯನ್ನು ತಾನೇ ಒಪ್ಪಿ ಮದುವೆಯಾಗುತ್ತಾಳೆ. ಆತ ಲೋಕದ ಎಲ್ಲ ಪುರಾಣಗಳಿಗೂ ಒಂದೇ ಕೀಲಿಕೈ ಹುಡುಕುವ ಮಹಾಗ್ರಂಥಕ್ಕಾಗಿ ವರ್ಷಗಟ್ಟಲೆ ಟಿಪ್ಪಣಿ ಮಾಡಿಟ್ಟಿದ್ದಾನೆ. ಗ್ರಂಥ ಮಾತ್ರ ಶುರುವಾಗಿಲ್ಲ. ಅದೇ ವಿಷಯದಲ್ಲಿ ಜರ್ಮನರು ಬಹಳ ಮುಂದೆ ಹೋಗಿದ್ದಾರೆ, ಈತನಿಗೆ ಜರ್ಮನ್ ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ರೋಮ್‌ನಲ್ಲಿ ಅವಳು ಕೇಳುತ್ತಾಳೆ: ಇಷ್ಟೊಂದು ಟಿಪ್ಪಣಿ ಇದೆಯಲ್ಲ, ಇನ್ನು ಬರೆಯಲು ಶುರು ಮಾಡುವುದಿಲ್ಲವೇ? ನಾನು ಸಹಾಯ ಮಾಡುತ್ತೇನೆ. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲ. ಅವನಿಗೆ ಮಾತ್ರ ಮೈಯೆಲ್ಲ ಉರಿದುಹೋಗುತ್ತದೆ.

ನಾನು ಗುಂಪಿನಲ್ಲಿ ನೇರವಾಗಿ ಹೇಳಿದೆ. ಆ ಮನುಷ್ಯ ಒಣಕಲು, ಆ ಹುಡುಗಿಯ ಬಾಳು ಹಾಳು ಮಾಡಿದ, ಬೇಗ ಸತ್ತರೆ ಸಾಕು. ಮೂರ್ನಾಲ್ಕು ಜನ ತಲೆ ಆಡಿಸಿದರು.

ಎದುರಿಗೆ ಕೂತಿದ್ದ ಹಿರಿಯರೊಬ್ಬರು, ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಅವರು ತಮ್ಮ ಬೀದಿಯ ಇತಿಹಾಸ ಬರೆಯಬೇಕು ಅಂತ 20 ವರ್ಷದಿಂದ ಕಾಗದ ಕೂಡಿಡುತ್ತಿದ್ದಾರಂತೆ. ಯಾರ ಮನೆಯಲ್ಲಿ ಯಾರಿದ್ದರು, ಯುದ್ಧದಲ್ಲಿ ಯಾವ ಮನೆ ಬಿತ್ತು, ಎಲ್ಲ. ಮನೆಯಲ್ಲಿ 16 ರಟ್ಟಿನ ಡಬ್ಬಗಳಿವೆ. "ಅದು ಮುಗಿಯೋದಿಲ್ಲ ಅಂತ ನನಗೆ ಗೊತ್ತು. ಆದರೆ ಯಾರಾದರೂ ಅದನ್ನ ಬಾಯಿಬಿಟ್ಟು ಹೇಳಿಬಿಡ್ತಾರೇನೋ ಅಂತ ಭಯ. ಹೆಂಡತಿ ಆ ಕೋಣೆ ಗುಡಿಸೋಕೆ ಹೋದರೂ ಎದೆ ಹೊಡ್ಕೊಳ್ಳತ್ತೆ."

ಆಮೇಲೆ ಪುಸ್ತಕ ತೆಗೆದು 29ನೇ ಅಧ್ಯಾಯದ ಮೊದಲ ಸಾಲು ತೋರಿಸಿದರು. ಲೇಖಕಿ ಎಂದಿನಂತೆ ಡೊರೊಥಿಯಾಳ ಕಥೆ ಹೇಳಲು ಶುರು ಮಾಡಿ, ವಾಕ್ಯವನ್ನು ಅಲ್ಲೇ ತುಂಡು ಮಾಡುತ್ತಾರೆ. ಯಾವಾಗಲೂ ಡೊರೊಥಿಯಾಳೇ ಯಾಕೆ ಅಂತ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಅಲ್ಲಿಂದ ಮಾತು ಕಸಾಬನ್ ಕಡೆ ತಿರುಗುತ್ತದೆ. ಅವನ ಒಳಗಿನ ಹಸಿವು, ಅಂಜಿಕೆ, ಪ್ರೀತಿಸಲು ಬಾರದ ಕಷ್ಟ. ಆ ಸಾಲನ್ನು ನಾನು ಮನೆಯಲ್ಲಿ ಓದಿದ್ದೆ. ಸರಾಗವಾಗಿ ದಾಟಿ ಹೋಗಿದ್ದೆ.

ನನಗೆ ಆಗ ನೆನಪಾಗಿದ್ದು ದೊಡ್ಡಪ್ಪ.

ದೊಡ್ಡಪ್ಪ ಶಾಲೆ ಮೇಷ್ಟ್ರು. ನಮ್ಮ ಕಡೆಯ ಹಳೇ ಪದಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಬೇಕು ಅಂತ ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ನಾನು ರಜೆಗೆ ಹೋದಾಗಲೆಲ್ಲ, ಚಪ್ಪಲಿ ಬಿಡುತ್ತಾ ಇರುವಾಗಲೇ ಕೇಳುತ್ತಿದ್ದೆ. "ದೊಡ್ಡಪ್ಪ, ಪುಸ್ತಕ ಎಲ್ಲಿಗೆ ಬಂತು?" ಪ್ರೀತಿಯಿಂದಲೇ ಕೇಳುತ್ತಿದ್ದೆ. ಅವರು "ಬರ್ತಾ ಇದೆ ಮಾರಾಯ್ತಿ" ಅಂತ ಹೇಳಿ ಒಳಗೆ ಹೋಗುತ್ತಿದ್ದರು. ಒಂದೆರಡು ವರ್ಷ ಆದ ಮೇಲೆ, ನಾನು ಬಂದ ದಿನ ಅವರು ತೋಟದಲ್ಲೇ ಜಾಸ್ತಿ ಹೊತ್ತು ಇರುತ್ತಿದ್ದರು. ಅದು ಯಾಕೆ ಅಂತ ನನಗೆ ತಿಳಿದಿದ್ದು ಕವೆಂಟ್ರಿಯ ಲೈಬ್ರರಿಯಲ್ಲಿ, ದೊಡ್ಡಪ್ಪ ತೀರಿಕೊಂಡು ಆರು ವರ್ಷ ಆದ ಮೇಲೆ.

ಅವತ್ತು ಗುಂಪಿನಲ್ಲಿ ನಾನು ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ.

ಅದಕ್ಕೇ, ಗುಂಪು ಯಾಕೆ ಅಂತ ಕೇಳುವ ಬದಲು ಯಾರಾದರೂ ಬೇರೆ ಕೇಳಲಿ ಅಂತ ನನ್ನ ಆಸೆ. ಆ ಪುಸ್ತಕದಲ್ಲಿ ಯಾರನ್ನು ನೀವು ತಪ್ಪು ತಿಳಿದಿದ್ದಿರಿ? ಇದನ್ನು ಕೇಳಿ. ಇಡೀ ಸಂಜೆ ಮಾತಾಡುತ್ತೇನೆ, ಕಾಫಿ ನಾನೇ ಮಾಡುತ್ತೇನೆ.

ಕಸಾಬನ್ ಆದ ಮೇಲೆ ಎರಡನೆಯವರು ಹ್ಯಾರಿಯೆಟ್ ಬುಲ್‌ಸ್ಟ್ರೋಡ್. ಊರಿನ ದೊಡ್ಡ ಬ್ಯಾಂಕರ್‌ನ ಹೆಂಡತಿ. ಒಳ್ಳೆ ಬಟ್ಟೆ, ಒಳ್ಳೆ ಟೋಪಿ, ಊರ ಮಾತು, ಇಷ್ಟರಲ್ಲೇ ಸುಖವಾಗಿದ್ದಾಳೆ ಅಂತ ನಾನು ಅವಳ ಪುಟಗಳನ್ನು ಬೇಗ ಬೇಗ ತಿರುಗಿಸಿದ್ದೆ. ಗಂಡನ ಹಳೇ ಪಾಪ ಬಯಲಾಗುತ್ತದೆ. ಊರೆಲ್ಲ ಛೀ ಅನ್ನುತ್ತದೆ. ಅವಳಿಗೆ ಮಾತ್ರ ಕೊನೆಗೆ ಗೊತ್ತಾಗುತ್ತದೆ, ಅಣ್ಣನ ಬಾಯಿಂದ.

ನಮ್ಮ ಗುಂಪಿನಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬರು ಆ 74ನೇ ಅಧ್ಯಾಯವನ್ನು ಗಟ್ಟಿಯಾಗಿ ಓದಿದರು. ಹ್ಯಾರಿಯೆಟ್ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಒಬ್ಬಳೇ ಅಳುತ್ತಾಳೆ. ಆಮೇಲೆ ಎದ್ದು ಒಡವೆಗಳನ್ನೆಲ್ಲ ತೆಗೆಯುತ್ತಾಳೆ. ಸಾದಾ ಕರಿ ಗೌನು ಹಾಕಿಕೊಳ್ಳುತ್ತಾಳೆ. ಅಲಂಕಾರದ ಟೋಪಿ ಬಿಟ್ಟು, ಕೂದಲನ್ನು ಕೆಳಕ್ಕೆ ಬಾಚಿ, ಸಾದಾ ಟೋಪಿ ಇಡುತ್ತಾಳೆ. ಆಮೇಲೆ ಕೆಳಗಿಳಿದು ಗಂಡನ ಹತ್ತಿರ ಹೋಗುತ್ತಾಳೆ. ಅವನು ತಲೆ ಎತ್ತುವುದಿಲ್ಲ. ಅವನ ಕೈ ಮೇಲೆ ಒಂದು ಕೈ, ಭುಜದ ಮೇಲೆ ಇನ್ನೊಂದು ಕೈ ಇಟ್ಟು, ಮುಖ ಎತ್ತಿ ನೋಡು ಅಂತ ಹೆಸರು ಹಿಡಿದು ಹೇಳುತ್ತಾಳೆ. ಏನು ಮಾಡಿದೆ ಅಂತ ಕೇಳುವುದಿಲ್ಲ. ಅವನೂ ಹೇಳುವುದಿಲ್ಲ. ಇಬ್ಬರೂ ಪಕ್ಕಪಕ್ಕ ಕೂತು ಅಳುತ್ತಾರೆ.

ಓದುತ್ತಿದ್ದವರು ಬಟ್ಟೆ ಬದಲಿಸುವ ಜಾಗಕ್ಕೆ ಬಂದಾಗ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಯಾರೂ ಏನೂ ಕೇಳಲಿಲ್ಲ. ಪಕ್ಕದವರು ಪುಸ್ತಕ ತೆಗೆದುಕೊಂಡು ಅಲ್ಲಿಂದಲೇ ಮುಂದಕ್ಕೆ ಓದಿದರು. ಇದು ಕಥೆಯ ಸಾರಾಂಶ ಓದಿದರೆ ಸಿಗುವುದಿಲ್ಲ. ಇದರ ಟಿವಿ ಸೀರಿಯಲ್ ಇದೆಯಲ್ಲ, ಅದನ್ನೇ ನೋಡಬಹುದಲ್ಲ ಅನ್ನುವವರಿಗೂ ಇದೇ ಉತ್ತರ. ಆ ಸೀರಿಯಲ್ ನಾನೂ ನೋಡಿದ್ದೇನೆ, ಚೆನ್ನಾಗಿದೆ. ಆದರೆ ಅದನ್ನು ನೋಡುವಾಗ ನನ್ನ ಪಕ್ಕ ಅವರು ಇರಲಿಲ್ಲ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ದೊಡ್ಡಮ್ಮನನ್ನು ಕೇಳಿ ದೊಡ್ಡಪ್ಪನ ಲೆಕ್ಕದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಹನ್ನೊಂದು ಇವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ. 'ಪ'ವರೆಗೆ ಬಂದಿದ್ದಾರೆ. ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಹೋದ ತಿಂಗಳು ಲೈಬ್ರರಿ ಮುಚ್ಚಿದ ಮೇಲೆ ಮಳೆ ಬರುತ್ತಿತ್ತು. ಬಾಗಿಲ ಹತ್ತಿರ ನಿಂತು ಆ ಹಿರಿಯರಿಗೆ ಫೋಟೋ ತೋರಿಸಿದೆ. ಪುಸ್ತಕ ಯಾವಾಗ ಆಗುತ್ತದೆ ಅಂತ ಅವರು ಕೇಳಲಿಲ್ಲ. ಒಂದು ಪದದ ಮೇಲೆ ಬೆರಳಿಟ್ಟು, ಇದೇನು ಅಂದರು. ಕಂಬಳಿಕೊಪ್ಪೆ. ಕಂಬಳಿಯ ಒಂದು ಮೂಲೆ ಮಡಚಿ ತಲೆಗೆ ಹಾಕಿಕೊಂಡರೆ ಬೆನ್ನೂ ನೆನೆಯುವುದಿಲ್ಲ, ಗದ್ದೆಯಲ್ಲಿ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ ಅಂದೆ. ಅವರಿಗೆ ಸರಿಯಾಗಿ ಅರ್ಥವಾಗಲಿಲ್ಲ. ಅಲ್ಲೇ ನನ್ನ ಶಾಲು ತೆಗೆದು, ಮೂಲೆ ಮಡಚಿ, ಅವರ ತಲೆ ಮೇಲೆ ಹಾಕಿ ತೋರಿಸಿದೆ.